ಮಡಿಸಿಟ್ಟ ಹೆಸರು

ಶುಕ್ರವಾರ ಮಧ್ಯಾಹ್ನ ಯಂತ್ರದಿಂದ ಕಳಚಿಕೊಂಡು
ತೋಳಿನ ಹತ್ತಿಯನ್ನು ಬೆರಳಲ್ಲಿ ಒತ್ತಿಕೊಂಡೇ
ಮುಂದಿನ ಸೀಟಿಗೆ ಹತ್ತಿ ಕೂತಳು ಡಲ್ಸಿ.
ಸೋಮವಾರ ಏಳಕ್ಕೆ ಮತ್ತೆ ಅದೇ ಕುರ್ಚಿ, ಅದೇ ಸೂಜಿ.
ಅಷ್ಟರಲ್ಲಿ ಐನೂರು ಕಿಲೋಮೀಟರು ಹೋಗಿ
ತೀರಿಹೋದ ತಮ್ಮನ ಮನೆಗೆ ಹಸಿ ಎಲೆಯ ಹೊಗೆ ಆಡಿಸಿ ಬರಬೇಕು.

ನಿನ್ನ ಹೆಸರೇನು ಅಂದಳು. ಹೇಳಿದೆ.
ಕಿಟಕಿಯ ಕಡೆ ತಿರುಗಿಬಿಟ್ಟಳು.
ಹಿಂದಿನ ಸೀಟಿನಿಂದ ಮೊಮ್ಮಗ ಟೆರೆನ್ಸ್ ಪಿಸುಗುಟ್ಟಿದ:
ಅಣ್ಣಾ, ಅದು ಅವರದು. ಹೋದವರದು.
ಸದ್ಯಕ್ಕೆ ಅದನ್ನು ಯಾರೂ ಅನ್ನುವಂತಿಲ್ಲ.

ಎದೆಯ ಬ್ಯಾಡ್ಜಿಗೆ ಗಾಯದ ಪಟ್ಟಿ ಅಂಟಿಸಿದೆ.
ಪರವಾನಗಿ ಕಾಗದವನ್ನು ಹೆಸರು ಒಳಗಾಗುವಂತೆ ಮಡಿಸಿದೆ.
ಆಗಿನಿಂದ ನಾನು ಏ ಡ್ರೈವರ್.

ನಮ್ಮಲ್ಲಿ ಹೀಗಲ್ಲ.
ಕಲಿಮ್ನೊಸ್ ದ್ವೀಪದಿಂದ ಡಾರ್ವಿನ್ನಿಗೆ
ಮುತ್ತಿನ ದೋಣಿಯಲ್ಲಿ ಮುಳುಗಲು ಬಂದ ತಾತ
ನಾನು ಹುಟ್ಟುವ ಮೊದಲೇ ಸತ್ತ.
ಅವನ ಹೆಸರನ್ನು ಅವನ ಅಂಗಿಯಂತೆ, ಒಗೆಯದೆ,
ನನಗೆ ತೊಡಿಸಿದರು.
ಅಜ್ಜಿ ಈಗಲೂ ದಿನಕ್ಕೆ ಹತ್ತು ಸಲ ಗಂಡನನ್ನು ಕೂಗುತ್ತಾಳೆ,
ನಾನು ಊಟಕ್ಕೆ ಹೋಗುತ್ತೇನೆ.

ಮಳೆ ನಿಂತು ಎರಡು ತಿಂಗಳಾದರೂ ಬಯಲು ಆರಿಲ್ಲ.
ಎಲ್ಲಿ ನೋಡಿದರೂ ನೀರು, ತಾವರೆ ಎಲೆ,
ಸಂತೆ ಮುರಿದ ಗದ್ದಲದಲ್ಲಿ ಕಪ್ಪು ಬಿಳುಪು ಹೆಬ್ಬಾತು.
ಅವಳಿಗೆ ದಿನಕ್ಕೆ ಮುಕ್ಕಾಲು ಲೀಟರು, ಡಾಕ್ಟರ ಲೆಕ್ಕ.
ಐಸಿನ ತುಂಡೊಂದನ್ನು ದವಡೆಯಲ್ಲಿಟ್ಟು
ಅಷ್ಟೂ ನೀರಿನ ಮೇಲೆ ಕಣ್ಣಾಡಿಸಿದಳು
ತನಗೆ ಬಾಕಿ ಇರುವವರ ಪಟ್ಟಿ ಓದುವವಳ ಹಾಗೆ.

ಈಸ್ಟ್ ಆಲಿಗೇಟರ್ ನದಿ.
ಇಲ್ಲಿ ಆಲಿಗೇಟರ್ ಒಂದೂ ಇಲ್ಲ, ಇರುವುದು ಉಪ್ಪುನೀರಿನ ಮೊಸಳೆ.
ಹೆಸರಿಟ್ಟವನು ಅವಸರದಲ್ಲಿದ್ದ.
ಅವಕ್ಕೇನು, ಹೇಗೆ ಕರೆದರೂ
ಉಬ್ಬರಕ್ಕೆದುರಾಗಿ ಬಾಯಿ ತೆರೆದು ನಿಂತಿವೆ, ಮೀನಿಗೆ.
ರಸ್ತೆ ನೀರಿನಡಿ ಇತ್ತು. ಕಾದೆವು.
ಇಲ್ಲಿಂದಾಚೆ, ಅಂದಳು ಡಲ್ಸಿ, ಕೇಳಿ ಹೋಗಬೇಕು.
ಯಾರನ್ನು ಅಂತ ನಾನು ಕೇಳಲಿಲ್ಲ.

ಮರುದಿನ ಕೆಂಪು ರಸ್ತೆ, ಹಲ್ಲು ಹಲ್ಲಾದದ್ದು,
ಮಾತಾಡಿದರೆ ನಾಲಿಗೆ ಕಚ್ಚಿಕೊಳ್ಳುವಂಥದ್ದು.
ಆಳೆತ್ತರದ ಹುತ್ತವೊಂದಕ್ಕೆ ಯಾರೋ
ಫುಟ್‌ಬಾಲ್ ಜರ್ಸಿ ತೊಡಿಸಿ ಟೋಪಿ ಇಟ್ಟಿದ್ದರು.
ಏ ಡ್ರೈವರ್, ನಿನ್ನ ತಮ್ಮ ನಿಂತಿದ್ದಾನೆ, ಹತ್ತಿಸಿಕೋ,
ಅಂದು ಮೊದಲ ಸಲ ನಕ್ಕಳು.
ಎರಡು ತೊರೆ ದಾಟುವ ತನಕ ನಗುತ್ತಲೇ ಇದ್ದಳು.

ಆಮೇಲೆ ಮರಳು.
ಸಮುದ್ರ ಅರ್ಧ ಮೈಲಿ ಹಿಂದೆ ಸರಿದು ಕೂತಿತ್ತು.
ಯಾವ ದೇಶದ್ದೋ ಹರಿದ ನೀಲಿ ಬಲೆ, ಅದರೊಳಗೆ ಬರಿ ಆಮೆಚಿಪ್ಪು.
ಮಗುಚಿಟ್ಟ ದೋಣಿ. ಪಕ್ಕದಲ್ಲಿ ಬರೆದಿದ್ದರ ಮೇಲೆ
ಹೊಸ ಬಿಳಿ ಬಣ್ಣ, ಅಂಚು ಇನ್ನೂ ಒಣಗಿಲ್ಲ.

ನೀರಿನತ್ತ ತಿರುಗಿ ಕೂಗಿದಳು ತನ್ನ ಭಾಷೆಯಲ್ಲಿ,
ಆಚೆ ದಡದವರನ್ನು ಕರೆಯುವ ದನಿ.
ಅಂಗೈಯನ್ನು ಕಂಕುಳಿಗೆ ಒರೆಸಿ ಆ ಬೆವರನ್ನು
ನನ್ನ ಹಣೆಗೆ, ಕತ್ತಿಗೆ, ಎರಡೂ ತೋಳಿಗೆ ಬಳಿದಳು,
ಈ ನೆಲಕ್ಕೆ ನನ್ನ ವಾಸನೆ ತಿಳಿಯಲೆಂದು.
ಮತ್ತೆ ಬಾಯಿ ತೆರೆದಳು. ಬಂದವನು ಯಾರೆಂದು ಹೇಳಬೇಕಲ್ಲ.
ತೆರೆದ ಬಾಯಿ ಹಾಗೇ ಇತ್ತು. ಗಾಳಿ.
ಏನೋ ಅಂದಳು, ಚಿಕ್ಕದು.

ಏನಂತೆ?
ಟೆರೆನ್ಸ್ ಮರಳು ಒದೆಯುತ್ತ ಹೇಳಿದ:
ಇವನು ಕರೆತಂದವನು.
ಇವನದೊಂದು ನಮ್ಮ ಹತ್ತಿರ ಇದೆ,
ಆಮೇಲೆ ಕೊಡ್ತೀವಿ.

ಸೋಮವಾರ, ಏಳಕ್ಕೆ ಐದು ನಿಮಿಷ.
ಕೌಂಟರಿನ ಹುಡುಗಿ ಗಾಡಿಯ ಕೀಲಿಗಾಗಿ
ನನ್ನ ಹೆಸರು ಹಿಡಿದು ಕೂಗಿದಳು, ಎರಡು ಸಲ.
ತೋಳು ಚಾಚಿ ಮಲಗಿದ್ದ ಡಲ್ಸಿ ಗೋಡೆ ನೋಡಿದಳು.
ಬಂದೆ ಎಂದು ಕೈಸನ್ನೆ ಮಾಡಿದೆ,
ಓಗೊಡಲಿಲ್ಲ.
ಬ್ಯಾಡ್ಜಿನ ಪಟ್ಟಿ ಇನ್ನೂ ಕಿತ್ತಿಲ್ಲ,
ಅಂಚಿಗೆಲ್ಲ ಕೆಂಪು ಮಣ್ಣು.